ಬಾಗಿಲು ಹಾಕಿಕೊಂಡು ತಿಂದವರು: ಬುಲಿಮಿಯಾ ಎಂಬ ಕಾಯಿಲೆಯ ಚರಿತ್ರೆ

2002ರ ಫೆಬ್ರವರಿ 3. ಮುಂಬಯಿಯ ವಾಂಖೆಡೆ ಮೈದಾನ. ಇಂಗ್ಲೆಂಡ್ ವಿರುದ್ಧದ ಆರನೇ ಏಕದಿನ ಪಂದ್ಯ. ಕೊನೆಯ ಓವರಿನಲ್ಲಿ ಭಾರತಕ್ಕೆ 11 ರನ್ ಬೇಕಿತ್ತು. ಚೆಂಡು ಆಂಡ್ರ್ಯೂ ಫ್ಲಿಂಟಾಫ್ ಕೈಯಲ್ಲಿ. ನಮ್ಮ ಅನಿಲ್ ಕುಂಬ್ಳೆ ರನ್ ಔಟ್ ಆದರು, ಮರುಚೆಂಡಿಗೆ ನಮ್ಮ ಜಾವಗಲ್ ಶ್ರೀನಾಥ್ ಬೌಲ್ಡ್. ಇಂಗ್ಲೆಂಡ್ 5 ರನ್ನುಗಳಿಂದ ಗೆದ್ದು ಸರಣಿಯನ್ನು 3-3 ಮಾಡಿಕೊಂಡಿತು. ಆರಡಿ ದಾಟಿದ ಆ ಆಳು ಅಂಗಿ ಕಳಚಿ ಬೀಸುತ್ತಾ ಮೈದಾನದ ತುಂಬಾ ಓಡಿದ್ದು ನಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ನೆನಪಿದೆ. ಅದೇ ಜುಲೈಯಲ್ಲಿ ಲಾರ್ಡ್ಸ್ ಬಾಲ್ಕನಿಯಲ್ಲಿ ಗಂಗೂಲಿ ಅಂಗಿ ಬೀಸಿ ಲೆಕ್ಕ ಚುಕ್ತಾ ಮಾಡಿದ್ದಂತೂ ಯಾರಿಗೂ ಮರೆತಿಲ್ಲ.

ಆದರೆ ಆ ಅಂಗಿಯ ಒಳಗಿನ ದೇಹದ ಬಗ್ಗೆ ಫ್ಲಿಂಟಾಫ್ ಆ ವರ್ಷಗಳಲ್ಲಿ ಏನು ಅನುಭವಿಸುತ್ತಿದ್ದರು ಎಂಬುದು ನಮಗೆ ಗೊತ್ತಿರಲಿಲ್ಲ. ಪತ್ರಿಕೆಗಳು ಅವರನ್ನು ದಪ್ಪ ಎಂದು ಹಂಗಿಸುತ್ತಿದ್ದವು. ಅವರು ಊಟ ಮಾಡುತ್ತಿದ್ದರು, ಆಮೇಲೆ ಶೌಚಾಲಯಕ್ಕೆ ಹೋಗಿ ತಿಂದದ್ದನ್ನು ಕಕ್ಕುತ್ತಿದ್ದರು. 2005ರ ಆಶಸ್ ಸರಣಿಯಲ್ಲಿ ಇಂಗ್ಲೆಂಡಿಗೆ ಅವರೇ ನಾಯಕಮಣಿಯಾಗಿದ್ದಾಗಲೂ ಇದು ನಡೆದೇ ಇತ್ತು. 2020ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವೊಂದರಲ್ಲಿ ಅವರು ಇದನ್ನೆಲ್ಲ ಕ್ಯಾಮೆರಾದ ಮುಂದೆ ಬಿಚ್ಚಿ ಹೇಳಿದರು. ಆ ಕಾಯಿಲೆಯ ಹೆಸರು ಬುಲಿಮಿಯಾ.

ಈ ಸಲದ ಸಂಚಿಕೆಗೆ ಈ ವಿಷಯ ಯಾಕೆ ಎಂದು ಕೆಲವರು ಕೇಳಬಹುದು. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ಕಲ್ಲು ಇವುಗಳ ಬಗ್ಗೆ ನಾವು ಬರೆದಿದ್ದೇವೆ, ಶಿಬಿರಗಳನ್ನೂ ಮಾಡಿದ್ದೇವೆ. ಆರು ಜನ ಒಂದೇ ಕೋಣೆಯಲ್ಲಿ, ಒಂದೇ ಬಾತ್‌ರೂಮಿನಲ್ಲಿ ಬದುಕುವ ನಮ್ಮ ನಡುವೆಯೂ ಗುಟ್ಟಾಗಿ ಉಳಿಯಬಲ್ಲ ಕಾಯಿಲೆಯ ಬಗ್ಗೆ ಮಾತ್ರ ಬರೆದಿಲ್ಲ. ಬುಲಿಮಿಯಾದ ಚರಿತ್ರೆಯನ್ನು ನೋಡುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಅದು ಬೆಳೆದದ್ದು ಮೌನದಲ್ಲಿ. ಯಾರಾದರೊಬ್ಬರು ಬಾಯಿ ಬಿಟ್ಟಾಗ ಅವರ ಹಿಂದೆ ಅಡಗಿದ್ದ ಇತರರೂ ಮುಂದೆ ಬಂದಿರಬೇಕು.

ಎತ್ತಿನ ಹಸಿವು

ಬುಲಿಮಿಯಾ ಎಂಬುದು ಹಳೆಯ ಗ್ರೀಕ್ ಮಾತು. ‘ಬೌಸ್’ ಎಂದರೆ ಎತ್ತು, ‘ಲಿಮೋಸ್’ ಎಂದರೆ ಹಸಿವು. ಎತ್ತಿನ ಹಸಿವು ಎಂದು ಅರ್ಥ.

ಕ್ರಿ.ಪೂ. 401ರಲ್ಲಿ ಸುಮಾರು ಹತ್ತು ಸಾವಿರ ಗ್ರೀಕ್ ಸೈನಿಕರು ಪರ್ಷಿಯಾದ ರಾಜಕುಮಾರನೊಬ್ಬನ ಕೆಳಗೆ ಸಂಬಳಕ್ಕೆ ದುಡಿಯಲು ಬಂದರು. ಇಂದಿನ ಇರಾಕಿನಲ್ಲಿ, ಬ್ಯಾಬಿಲೋನಿನ ಸಮೀಪ ಯುದ್ಧ ನಡೆದು ಕರೆತಂದ ಧಣಿಯೇ ಸತ್ತುಹೋದ. ಪರದೇಶದಲ್ಲಿ ಧಣಿಯಿಲ್ಲದೆ ಉಳಿದವರು ನಡೆದೇ ಊರಿಗೆ ಹೊರಟರು. ಆರ್ಮೇನಿಯಾದ ಬೆಟ್ಟಗಳ ಹಿಮದಲ್ಲಿ ಅನೇಕರು ಕುಸಿದು ಬಿದ್ದರು. ಅವರನ್ನು ನಡೆಸುತ್ತಿದ್ದ ಜೆನೊಫನ್‌ಗೆ ಏನೆಂದು ತಿಳಿಯಲಿಲ್ಲ. ಇದು ಬುಲಿಮಿಯಾ, ಏನಾದರೂ ತಿನ್ನಿಸಿದರೆ ಎದ್ದು ನಿಲ್ಲುತ್ತಾರೆ ಎಂದು ಬಲ್ಲವನೊಬ್ಬ ಹೇಳಿದ. ಹಾಗೆಯೇ ಆಯಿತು. ಇದನ್ನು ಜೆನೊಫನ್ ತನ್ನ ‘ಅನಾಬಸಿಸ್’ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಗ್ರೀಕ್ ವೈದ್ಯರ ಈ ಪದ ಅರಬ್ಬೀ ವೈದ್ಯಕ್ಕೂ ಬಂತು. ಇಬ್ನ್ ಸೀನಾನ ‘ಅಲ್ ಕಾನೂನ್’ ಗ್ರಂಥದಲ್ಲಿ ಹೊಟ್ಟೆಯ ರೋಗಗಳ ನಡುವೆ ‘ಬೂಲಿಮೂಸ್’ ಇದೆ. ‘ಜೂಅ್ ಬಕರಿ’, ಎಂದರೆ ದನದ ಹಸಿವು, ಎಂಬುದು ಅದರ ಅರಬ್ಬೀ ಹೆಸರು. ಯಹೂದಿಗಳ ಮಿಶ್ನಾ ಗ್ರಂಥವೂ ‘ಬುಲ್ಮುಸ್’ ಬಡಿದವನಿಗೆ ಕಟ್ಟುನಿಟ್ಟಿನ ಉಪವಾಸದ ದಿನದಲ್ಲೂ, ಕಣ್ಣಿಗೆ ಬೆಳಕು ಬರುವವರೆಗೆ ತಿನ್ನಿಸಬೇಕು ಎನ್ನುತ್ತದೆ. ಜೀವಕ್ಕಿಂತ ವ್ರತ ದೊಡ್ಡದಲ್ಲ ಎಂದು ಆಗಲೇ ತೀರ್ಮಾನವಾಗಿತ್ತು.

ನಮ್ಮ ನಾಡಿನ ಭಸ್ಮಕ

ಇಂಥದೊಂದು ಹಸಿವನ್ನು ನಮ್ಮವರೂ ಬಲ್ಲರು. ಚರಕ ಸಂಹಿತೆ ಅದನ್ನು ಅತ್ಯಗ್ನಿ ಎನ್ನುತ್ತದೆ. ಜಠರಾಗ್ನಿ ಮಿತಿಮೀರಿ ಉರಿದು, ತಿಂದದ್ದನ್ನು ಸುಟ್ಟು, ಆಮೇಲೆ ದೇಹದ ಧಾತುಗಳನ್ನೇ ಸುಡುತ್ತದೆ ಎಂಬುದು ವಿವರಣೆ. ಇದಕ್ಕೆ ಬಂದ ಇನ್ನೊಂದು ಹೆಸರು ಭಸ್ಮಕ ರೋಗ. ಎಷ್ಟು ಬಡಿಸಿದರೂ ಸಾಲದವನನ್ನು ಕಂಡು ನಮ್ಮ ಅಜ್ಜಿಯರು ಇವನಿಗೇನು ಭಸ್ಮಕ ರೋಗವೇ ಎನ್ನುತ್ತಿದ್ದದ್ದು ಇದನ್ನೇ.

ಜೈನಾಚಾರ್ಯ ಸಮಂತಭದ್ರರ ಐತಿಹ್ಯದಲ್ಲಿ ಈ ರೋಗ ಬರುತ್ತದೆ. ಮುನಿವ್ರತದ ಮಿತಾಹಾರದಲ್ಲಿ ರೋಗ ತಣಿಯದೆ ಅವರು ಸಲ್ಲೇಖನಕ್ಕೆ ಅನುಮತಿ ಕೇಳಿದರು. ಗುರುಗಳು ಒಪ್ಪಲಿಲ್ಲ. ಮೊದಲು ರೋಗ ವಾಸಿ ಮಾಡಿಕೋ ಎಂದರು. ಸಮಂತಭದ್ರರು ವೇಷ ಮರೆಸಿಕೊಂಡು ಒಂದು ಶಿವಾಲಯ ಸೇರಿ, ಈ ನೈವೇದ್ಯವನ್ನೆಲ್ಲ ದೇವರೇ ಉಣ್ಣುವಂತೆ ಮಾಡುತ್ತೇನೆಂದು ರಾಜನಿಗೆ ಹೇಳಿ, ಬಾಗಿಲು ಹಾಕಿಕೊಂಡು ತಾವೇ ಉಂಡರು. ರೋಗ ಇಳಿಯುತ್ತ ಬಂದಂತೆ ಪಾತ್ರೆಯಲ್ಲಿ ಅನ್ನ ಉಳಿಯತೊಡಗಿತು. ರಾಜನಿಗೆ ಅನುಮಾನ ಬಂದದ್ದು ಆಗ. ಭಸ್ಮಕವನ್ನೇ ಭಸ್ಮ ಮಾಡಿದವರು ಎಂದು ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿ ಶಾಸನ ಅವರನ್ನು ಹೊಗಳುತ್ತದೆ.

ಭಸ್ಮಕವೂ ಇಂದಿನ ಬುಲಿಮಿಯಾವೂ ಒಂದೇ ಅಲ್ಲ. ಹಳಬರು ಹೇಳಿದ್ದು ತೀರದ ಹಸಿವಿನ ಮಾತು. ಇಂದಿನ ಬುಲಿಮಿಯಾದಲ್ಲಿ ಮೂರು ಎಳೆಗಳಿವೆ. ಹಿಡಿತ ತಪ್ಪಿ, ಹೊಟ್ಟೆ ಬಿರಿಯುವಷ್ಟು ತಿನ್ನುವುದು ಒಂದು. ತಿಂದದ್ದು ಮೈಗೆ ಹತ್ತದಿರಲಿ ಎಂದು ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮದ ಮೊರೆ ಹೋಗುವುದು ಇನ್ನೊಂದು. ದಪ್ಪ ಆಗುತ್ತೇನೆಂಬ ಬಿಡದ ಭಯ ಮೂರನೆಯದು. ಆದರೂ ಈ ಐತಿಹ್ಯದಲ್ಲಿ ನಮಗೆ ಬೇಕಾದ ಎರಡು ಮಾತುಗಳಿವೆ. ಒಬ್ಬ ಮಹಾ ಪಂಡಿತನೂ ಬಾಗಿಲು ಹಾಕಿಕೊಂಡು ತಿನ್ನಬೇಕಾಯಿತು. ಮತ್ತು ಅವನ ಗುರು ಅದನ್ನು ಪಾಪ ಎನ್ನಲಿಲ್ಲ, ರೋಗ ಎಂದರು.

ಹಸಿದ 36 ಗಂಡಸರು

ತಿನ್ನುವುದರ ಮೇಲೆ ಹಿಡಿತ ತಪ್ಪುವುದು ಮನಸ್ಸು ದುರ್ಬಲವಾಗಿದ್ದರಿಂದ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಎರಡನೇ ಮಹಾಯುದ್ಧದ ಕೊನೆಯ ವರ್ಷದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಈ ನಂಬಿಕೆಗೆ ಉತ್ತರ ಕೊಟ್ಟಿದೆ.

ಯುದ್ಧದಿಂದ ಹಸಿದ ಯುರೋಪಿನ ಜನರನ್ನು ಮತ್ತೆ ಊಟಕ್ಕೆ ತರುವುದು ಹೇಗೆ ಎಂದು ತಿಳಿಯಲು ಮಿನೆಸೊಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿದರು. ಬಂದೂಕು ಹಿಡಿಯಲೊಲ್ಲದೆ, ಬೇರೆ ಸೇವೆ ಮಾಡುತ್ತೇವೆಂದು ಮುಂದೆ ಬಂದ, ಆರೋಗ್ಯವಂತ ಗಂಡಸರು ಅವರು. 1945ರಲ್ಲಿ ಸುಮಾರು ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ಮೈತೂಕದ ನಾಲ್ಕನೇ ಒಂದು ಪಾಲು ಇಳಿಯಿತು. ಆಗ ಅವರ ಮಾತು, ಕನಸು ಎಲ್ಲ ಊಟದ್ದೇ. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಮತ್ತೆ ಊಟ ಸಿಕ್ಕಿದಾಗ ಕೆಲವರಿಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ಹೊಟ್ಟೆ ತುಂಬಿದ ಮೇಲೂ ತಿಂದರು, ವಾಂತಿಯಾಗುವಷ್ಟು ತಿಂದರು. ಇದು ತಿಂಗಳುಗಟ್ಟಲೆ ನಡೆಯಿತು.

ದೇಹವನ್ನು ಹಸಿವಿನಲ್ಲಿಟ್ಟರೆ ಅದು ಒಂದು ದಿನ ತಿರುಗಿ ಬೀಳುತ್ತದೆ. ಬುಲಿಮಿಯಾದ ಸುಳಿ ಇಲ್ಲಿಂದಲೇ ಶುರುವಾಗುವುದು ಹೆಚ್ಚು: ಕಠಿಣ ಡಯಟ್, ಆಮೇಲೆ ತಡೆಯಲಾಗದ ತಿನ್ನಾಟ, ಅದರ ಹಿಂದೆ ನಾಚಿಕೆ, ನಾಚಿಕೆಯಿಂದ ವಾಂತಿ, ಮತ್ತೆ ನಾಳೆಯಿಂದ ಇನ್ನೂ ಕಠಿಣ ಡಯಟ್. ಬೆಳಿಗ್ಗೆ ಚಹಾ ಮಾತ್ರ, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ಕೋಣೆಗೆ ಬಂದ ಮೇಲೆ ಒಂದೇ ಸಲ ಎಂಬ ನಮ್ಮ ಕೆಲವರ ದಿನಚರಿಯನ್ನು ಈ ಬೆಳಕಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

1979: ಹೆಸರು ಸಿಕ್ಕಿತು

ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾಕ್ಕೆ 1870ರ ದಶಕದಲ್ಲೇ ಲಂಡನ್ನಿನ ವಿಲಿಯಂ ಗಲ್ ಹೆಸರು ಕೊಟ್ಟಿದ್ದರು. ಅದು ಕಣ್ಣಿಗೆ ಕಾಣುವ ಕಾಯಿಲೆ. ಬುಲಿಮಿಯಾ ಇರುವವರಲ್ಲಿ ಹೆಚ್ಚಿನವರ ತೂಕ ಸಾಧಾರಣವಾಗಿಯೇ ಇರುವುದರಿಂದ ಅದು ಕಣ್ಣಿಗೆ ಬೀಳಲು ಇನ್ನೂ ನೂರು ವರ್ಷ ಬೇಕಾಯಿತು.

ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿದ್ದ ಮನೋವೈದ್ಯ ಜೆರಾಲ್ಡ್ ರಸೆಲ್ 1972ರಿಂದ 1978ರ ನಡುವೆ 30 ರೋಗಿಗಳನ್ನು ಗಮನಿಸಿ, 1979ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಾಯಿಲೆಗೆ ಅವರಿಟ್ಟ ಹೆಸರು ‘ಬುಲಿಮಿಯಾ ನರ್ವೋಸಾ’. ಆ 30 ಮಂದಿಯಲ್ಲಿ ಇಬ್ಬರು ಗಂಡಸರು. ಮರುವರ್ಷವೇ, 1980ರಲ್ಲಿ, ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಬುಲಿಮಿಯಾ ಸೇರಿತು.

ಮೈತೂಕ ಸರಿಯಿದ್ದರೂ ಇದು ಅಪಾಯದ ಕಾಯಿಲೆ ಎಂದು ರಸೆಲ್ ಮೊದಲ ಲೇಖನದಲ್ಲೇ ಎಚ್ಚರಿಸಿದ್ದರು. ಪದೇ ಪದೇ ವಾಂತಿ ಮಾಡಿಕೊಂಡರೆ, ಭೇದಿ ಮಾತ್ರೆ ನುಂಗಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ಬಡಿತ ಕ್ರಮದಲ್ಲಿರಲು ಬೇಕಾದ ಲವಣ ಅದು. ಅದು ತೀರಾ ಇಳಿದರೆ ಬಡಿತ ತಪ್ಪುತ್ತದೆ. ಯೌವನದಲ್ಲೇ ಹೃದಯ ನಿಂತುಹೋಗಬಹುದು. ಫ್ಲಿಂಟಾಫ್ ತಮ್ಮ ಸಾಕ್ಷ್ಯಚಿತ್ರದಲ್ಲಿ ಈ ಕಾಯಿಲೆಗೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರನ್ನು ಭೇಟಿಯಾಗುತ್ತಾರೆ. ಹೊಟ್ಟೆಯ ಆಮ್ಲ ಮೇಲೆ ಬಂದು ಹಲ್ಲಿನ ಹೊಳಪು ಪದರ ಸವೆಯುತ್ತದೆ. ಅನ್ನನಾಳ ಸೀಳಿ ರಕ್ತ ಬರಬಹುದು. ಕೆನ್ನೆಯ ಕೆಳಗಿನ ಜೊಲ್ಲುಗ್ರಂಥಿಗಳು ಊದಿಕೊಂಡು ಮುಖ ದುಂಡಗಾಗುತ್ತದೆ. ಹೆಂಗಸರಲ್ಲಿ ಮುಟ್ಟು ಏರುಪೇರಾಗುತ್ತದೆ. ದೇಹದ ನೀರು ಬತ್ತಿ ಮೂತ್ರಪಿಂಡಕ್ಕೂ ಪೆಟ್ಟು. ಹಲ್ಲು ತಾಗಿ ತಾಗಿ ಬೆರಳ ಗೆಣ್ಣಿನ ಮೇಲೆ ಮೂಡುವ ಗಾಯದ ಗುರುತನ್ನು ವೈದ್ಯರು ಇಂದಿಗೂ ‘ರಸೆಲ್ ಚಿಹ್ನೆ’ ಎನ್ನುತ್ತಾರೆ. ಇವುಗಳ ಜೊತೆಗೆ ಮನಸ್ಸಿನ ಕುಸಿತ, ಸಾಯುವ ಯೋಚನೆ.

ಜುಲೈ, ಆಗಸ್ಟಿನ ಬಿಸಿಲಿನಲ್ಲಿ ಸೈಟಿನಲ್ಲಿ ನಿಲ್ಲುವವರಿಗೆ ಹೆಚ್ಚು ಹೇಳಬೇಕಿಲ್ಲ. ಬೆವರಿನಲ್ಲೇ ನೀರು, ಉಪ್ಪು ಹೋಗುವ ನೆಲ ಇದು. ಅದರ ಮೇಲೆ ವಾಂತಿ, ಭೇದಿ ಸೇರಿದರೆ ಕುಸಿದು ಬೀಳಲು ಹೆಚ್ಚು ಹೊತ್ತು ಬೇಡ.

ಬಾಯಿ ಬಿಟ್ಟವರು

ರಸೆಲ್ ಲೇಖನ ಬಂದಾಗ ಇದು ಅಪರೂಪದ ಕಾಯಿಲೆ ಎಂದೇ ಅನೇಕರು ಎಣಿಸಿದ್ದರು. 1980ರಲ್ಲಿ ಕ್ರಿಸ್ಟೋಫರ್ ಫೇರ್‌ಬರ್ನ್ ಎಂಬ ಯುವ ಮನೋವೈದ್ಯರು ಬ್ರಿಟನ್ನಿನ ಮಹಿಳಾ ಮಾಸಪತ್ರಿಕೆಯೊಂದರಲ್ಲಿ ಪುಟ್ಟ ಪ್ರಕಟಣೆ ಹಾಕಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರಿದ್ದರೆ ಬರೆಯಿರಿ ಎಂದು. ಪತ್ರಗಳ ರಾಶಿಯೇ ಬಂತು. 1982ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅವರಲ್ಲಿ 499 ಮಂದಿಗೆ ಬುಲಿಮಿಯಾ ಇದ್ದಿರಬೇಕು. ವೈದ್ಯರಿಗೆ ಕಾಣದಿದ್ದವರೆಲ್ಲ ಒಂದು ಪ್ರಕಟಣೆಗೆ ಓಗೊಟ್ಟಿದ್ದರು.

ಆಮೇಲೆ ರಾಜಕುಮಾರಿ ಡಯಾನಾ. 1995ರ ನವೆಂಬರಿನಲ್ಲಿ ಎರಡು ಕೋಟಿಗೂ ಹೆಚ್ಚು ಜನ ನೋಡಿದ ಟಿವಿ ಸಂದರ್ಶನದಲ್ಲಿ ತಾವು ವರ್ಷಗಟ್ಟಲೆ ಬುಲಿಮಿಯಾದಿಂದ ನರಳಿದ್ದನ್ನು ಹೇಳಿದರು. ಬ್ರಿಟನ್ನಿನಲ್ಲಿ ವೈದ್ಯರ ಬಳಿ ದಾಖಲಾದ ಹೊಸ ಬುಲಿಮಿಯಾ ರೋಗಿಗಳ ಸಂಖ್ಯೆ 1996ರಲ್ಲಿ ತುತ್ತತುದಿ ಮುಟ್ಟಿ ಆಮೇಲೆ ಇಳಿಯಿತು. ಅವರ ಮಾತು ಕೇಳಿ, ಅಡಗಿದ್ದವರು ಧೈರ್ಯ ಮಾಡಿ ವೈದ್ಯರ ಬಾಗಿಲಿಗೆ ಬಂದಿರಬೇಕು ಎಂದು ಆ ಅಂಕಿಅಂಶ ಕಲೆಹಾಕಿದವರೇ ಊಹಿಸಿದ್ದಾರೆ.

ಆದರೆ ಇದು ಹುಡುಗಿಯರ, ಶ್ರೀಮಂತರ ಕಾಯಿಲೆ ಎಂಬ ಮಾತು ಉಳಿಯಿತು. ಅದನ್ನು ಮುರಿದವರು ಜಾನ್ ಪ್ರೆಸ್ಕಾಟ್. ಹಡಗಿನಲ್ಲಿ ಊಟ ಬಡಿಸುವ ಕೆಲಸದಿಂದ ಶುರುಮಾಡಿ, ಕಾರ್ಮಿಕ ಸಂಘದ ದಾರಿಯಲ್ಲಿ ಬೆಳೆದು, 1997ರಿಂದ 2007ರವರೆಗೆ ಬ್ರಿಟನ್ನಿನ ಉಪಪ್ರಧಾನಿಯಾಗಿದ್ದವರು ಅವರು. ದಢೂತಿ ಮನುಷ್ಯ, ಒರಟು ಮಾತು. 2008ರಲ್ಲಿ, ಸುಮಾರು 70ನೇ ವಯಸ್ಸಿನಲ್ಲಿ, ತಮಗೆ ಬುಲಿಮಿಯಾ ಇತ್ತೆಂದು ಹೇಳಿಕೊಂಡರು. ಕೆಲಸದ ಒತ್ತಡ, ಹೊತ್ತಲ್ಲದ ಹೊತ್ತಿನಲ್ಲಿ ಊಟ, ಕಂಡೆನ್ಸ್ಡ್ ಮಿಲ್ಕಿನ ಡಬ್ಬವನ್ನೇ ಖಾಲಿ ಮಾಡುವುದು, ಆಮೇಲೆ ವಾಂತಿ. ತಜ್ಞರ ಬಳಿ ಹೋದಾಗ ಕಾಯುವ ಕೋಣೆಯ ತುಂಬಾ ಎಳೆಯ ಹೆಂಗಸರು, ಗಂಡಸು ತಾನೊಬ್ಬನೇ ಎಂದು ನಾಚಿಕೆಯಾದದ್ದನ್ನೂ ಬರೆದರು. ಪತ್ರಿಕೆಗಳಲ್ಲಿ ಕೆಲವರು ನಕ್ಕರು. ಆ ನಗುವಿಗೆ ಹೆದರಿಯೇ ಅವರು ಅಷ್ಟು ವರ್ಷ ಸುಮ್ಮನಿದ್ದದ್ದು.

ಊರು ಬಿಟ್ಟು ಬಂದವರಲ್ಲಿ

ಈ ಚರಿತ್ರೆಯಲ್ಲಿ ನಮ್ಮಂಥವರಿಗೆ ಹತ್ತಿರವಾದ ಒಂದು ಅಧ್ಯಾಯವಿದೆ. ಈಜಿಪ್ಟಿನ ಮನೋವೈದ್ಯೆ ಮೆರ್ವತ್ ನಾಸೆರ್ 1986ರಲ್ಲಿ ಕೈರೋದಲ್ಲಿ ಓದುತ್ತಿದ್ದ ಮತ್ತು ಲಂಡನ್ನಿನಲ್ಲಿ ಓದುತ್ತಿದ್ದ ಅರಬ್ ವಿದ್ಯಾರ್ಥಿನಿಯರನ್ನು ಹೋಲಿಸಿದರು. ಲಂಡನ್ನಿನ 50 ಮಂದಿಯಲ್ಲಿ 6 ಜನರಿಗೆ ಬುಲಿಮಿಯಾ. ಕೈರೋದ 60 ಮಂದಿಯಲ್ಲಿ ಒಬ್ಬರಿಗೂ ಇಲ್ಲ. 1988ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಶಾಲೆಗಳಲ್ಲಿ ನೋಡಿದಾಗ, ಏಷ್ಯಾ ಮೂಲದ ಹುಡುಗಿಯರಲ್ಲಿ ಶೇ 3.4, ಬಿಳಿಯ ಹುಡುಗಿಯರಲ್ಲಿ ಶೇ 0.6. ಫಿಜಿ ದ್ವೀಪದ ನಾಡ್ರೋಗಾ ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಅದಕ್ಕೆ ಮುನ್ನ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದ ಒಬ್ಬ ಶಾಲಾ ಹುಡುಗಿಯೂ ಅಲ್ಲಿ ಸಿಕ್ಕಿರಲಿಲ್ಲ. ಮೂರು ವರ್ಷಗಳ ನಂತರ ಆನ್ ಬೆಕರ್ ತಂಡ ಕೇಳಿದಾಗ ಶೇ 11.3ರಷ್ಟು ಹುಡುಗಿಯರು ಹೌದೆಂದರು.

ಇವೆಲ್ಲ ಸಣ್ಣ ಅಧ್ಯಯನಗಳು, ಕಾರಣಗಳು ಹಲವು. ಮನೆಯ ಊಟ ತಪ್ಪುವುದು, ಎರಡು ಊರುಗಳ ಕಣ್ಣಿಗೂ ಚೆನ್ನಾಗಿ ಕಾಣಬೇಕೆಂಬ ಒತ್ತಡ, ಹೇಳಿಕೊಳ್ಳಲು ಸ್ವಂತದವರು ಇಲ್ಲದಿರುವುದು ನಮಗೆ ಹೊಸದಲ್ಲ. ರಜೆಗೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಕೇಳುವ ಮೊದಲ ಮಾತು ಯಾವುದು? ‘ಏನು ಮಾರಾಯ, ದಪ್ಪ ಆಗಿದ್ದೀಯ!’ ಅಥವಾ ‘ಎಷ್ಟು ಸೊರಗಿದ್ದೀಯ!’ ಪ್ರೀತಿಯ ಮಾತೇ ಹೌದು. ಆದರೆ ಮದುವೆಗೆಂದು ರಜೆ ಹಾಕಿ ಹೊರಟ ಹುಡುಗ, ಹೆರಿಗೆಯ ನಂತರ ಇಲ್ಲಿ ಫ್ಲಾಟಿನಲ್ಲಿ ಒಂಟಿಯಾಗಿರುವ ತಂಗಿ ಆ ಮಾತನ್ನು ಮೂರು ತಿಂಗಳ ಮೊದಲಿನಿಂದಲೇ ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಿರುತ್ತಾರೆ.

ಗುಣವಾಗುವ ದಾರಿ

ಸಮಾಧಾನದ ಸಂಗತಿ ಎಂದರೆ, ಹೆಸರು ಸಿಕ್ಕಿದ ಎರಡೇ ವರ್ಷಗಳಲ್ಲಿ ದಾರಿಯೂ ಸಿಕ್ಕಿತು. ಪ್ರಕಟಣೆ ಹಾಕಿಸಿದ ಅದೇ ಫೇರ್‌ಬರ್ನ್ 1981ರಲ್ಲಿ ಈ ಕಾಯಿಲೆಗೆ ತಕ್ಕ ಮಾತಿನ ಚಿಕಿತ್ಸೆಯನ್ನು ವಿವರಿಸಿದರು. ಇಂದಿಗೂ ದೊಡ್ಡವರಿಗೆ ಮುಖ್ಯ ಚಿಕಿತ್ಸೆ ಅದೇ. ಅದರ ಮೊದಲ ಮೆಟ್ಟಿಲು ಸರಳ: ಹೊತ್ತು ಹೊತ್ತಿಗೆ ಊಟ. ಮೂರು ಊಟ, ನಡುವೆ ಒಂದೆರಡು ಸಲ ಏನಾದರೂ, ಮತ್ತು ತಿಂದದ್ದನ್ನೂ ಆಗಿನ ಮನಸ್ಥಿತಿಯನ್ನೂ ಬರೆದಿಡುವುದು. ಹಸಿವಿನ ಸುಳಿ ಮುರಿದ ಮೇಲೆ ಮೈಯ ಬಗೆಗಿನ ಭಯದ ಮಾತು. ಜೊತೆಗೆ ಕೆಲವರಿಗೆ ವೈದ್ಯರು ಮಾತ್ರೆ ಕೊಡುತ್ತಾರೆ. ವರ್ಷಗಟ್ಟಲೆ ನರಳಿದವರೂ ಚೇತರಿಸಿಕೊಂಡಿದ್ದಾರೆ. ಬೇಗ ಹೋದಷ್ಟೂ ಸುಲಭ.

ವೀಸಾ, ಕೆಲಸ, ಮರ್ಯಾದೆ ಎಂದು ಹೆದರುವವರಿಗೆ ನಮ್ಮ ಸಲಹೆ ಇಷ್ಟೇ. ಮನೋವೈದ್ಯರ ಹೆಸರೇ ಭಾರ ಎನಿಸಿದರೆ ಮೊದಲು ಸಾಮಾನ್ಯ ಕ್ಲಿನಿಕ್ಕಿಗೆ ಹೋಗಿ. ಸುಸ್ತು, ಎದೆಯುರಿ, ಹಲ್ಲುನೋವು ಯಾವುದನ್ನಾದರೂ ಮುಂದಿಟ್ಟು ಮಾತು ಶುರುಮಾಡಿ, ಆದರೆ ವಾಂತಿಯ ವಿಷಯ ಮುಚ್ಚಿಡಬೇಡಿ. ಪೊಟ್ಯಾಸಿಯಂ ತಿಳಿಯಲು ಒಂದು ರಕ್ತಪರೀಕ್ಷೆ, ಹೃದಯಕ್ಕೆ ಒಂದು ಇಸಿಜಿ ಸಾಕು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ. ರಂಜಾನ್ ಇರಲಿ, ಏಕಾದಶಿ ಇರಲಿ, ಲೆಂಟ್ ಇರಲಿ, ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿ. ಎದೆ ಹಾರಿದರೆ, ತಲೆಸುತ್ತಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಬದುಕು ಸಾಕೆನಿಸಿದರೆ ಬೆಳಗಾಗಲೆಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು.

ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರಿನಿಂದ ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಅಲ್ಲಿರುವ ಹೆಂಡತಿ, ಅಕ್ಕ, ತಮ್ಮ ಯಾರೂ ಅದಕ್ಕೆ ಕರೆ ಮಾಡಿ ದಾರಿ ಕೇಳಬಹುದು.

ಇನ್ನು ಜೊತೆಗಿರುವ ನಮ್ಮ ಕೆಲಸ. ಊಟವಾದ ಕೂಡಲೇ ಒಬ್ಬ ದಿನಾ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರೆ, ಕೋಣೆಯ ತಿಂಡಿ ರಾತ್ರೋರಾತ್ರಿ ಖಾಲಿಯಾದರೆ, ಮೆಸ್ಸಿನಲ್ಲಿ ಎಲ್ಲರೊಂದಿಗೆ ಕೂರಲು ಒಬ್ಬ ತಪ್ಪಿಸಿಕೊಂಡರೆ, ಅದನ್ನು ಗುಂಪಿನಲ್ಲಿ ತಮಾಷೆ ಮಾಡುವುದು ಬೇಡ. ಕಳ್ಳನನ್ನು ಹಿಡಿದಂತೆ ಹಿಡಿಯುವುದೂ ಬೇಡ. ರಜೆಯ ದಿನ ಒಬ್ಬನೇ ಸಿಕ್ಕಾಗ, ‘ನಿನ್ನ ಮೈ ಸರಿಯಿಲ್ಲ ಅಂತ ಕಾಣ್ತದೆ, ಡಾಕ್ಟರ ಹತ್ರ ಹೋಗುವ, ನಾನೂ ಬರ್ತೇನೆ’ ಎಂದರೆ ಸಾಕು. ಮೊದಲ ಸಲ ಸಿಟ್ಟಾಗಬಹುದು, ಏನೂ ಇಲ್ಲ ಎನ್ನಬಹುದು. ಒಂದು ವಾರ ಬಿಟ್ಟು ಮತ್ತೆ ಕೇಳಿ.

ಈ ಲೇಖನ ಓದುತ್ತಿರುವವರಲ್ಲಿ ಯಾರಿಗಾದರೂ ಇದು ನನ್ನದೇ ಕಥೆ ಎನಿಸಿದರೆ, ನೀವು ಮೊದಲಿಗರೂ ಅಲ್ಲ, ಒಬ್ಬರೇ ಅಲ್ಲ. ನಿಮಗೆ ನಂಬಿಕೆಯಿರುವ ಒಬ್ಬರಿಗೆ ಇವತ್ತು ರಾತ್ರಿಯೇ ಹೇಳಿ. ಹೇಳಲು ಮಾತು ಹೊರಡದಿದ್ದರೆ ಈ ಪುಟವನ್ನು ಮಡಚಿ ಅವರ ಕೈಗೆ ಕೊಡಿ.